ಒಂದು ಕಡ್ಡಿ ಸಿಗ್ನಲ್‌ಗೆ ಸಾಕಾಗುವ ನ್ಯೂಸ್‌ರೀಡರ್

ಆಗುಂಬೆ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಅಂತ ತೀರ್ಥಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಲೈನ್ ಮೇಲೆ ಮರ ಬಿದ್ದರೆ ಕರೆಂಟಿಲ್ಲ, ಫೋನಿನಲ್ಲಿ ಒಂದೇ ಕಡ್ಡಿ ಸಿಗ್ನಲ್. ಅಂಥ ಹೊತ್ತಲ್ಲೂ ನೆಮ್ಮದಿಯಾಗಿ ಓದಲು ಸಿಗುವುದು ಯೂಸ್‌ನೆಟ್, ಯಾಕೆಂದರೆ ಅಲ್ಲಿಂದ ಇಳಿಯುವುದು ಬರೀ ಅಕ್ಷರ.

1980ರಿಂದ ನಡೆಯುತ್ತಿರುವ, ವಿಷಯಕ್ಕೊಂದು ಗ್ರೂಪ್ ಇರುವ ಚರ್ಚೆಯ ಜಾಗ ಇದು. ಲಿನಸ್ ಟೊರ್ವಾಲ್ಡ್ಸ್ ತಮ್ಮ ಹೊಸ ಆಪರೇಟಿಂಗ್ ಸಿಸ್ಟಂ (ಈಗಿನ ಲಿನಕ್ಸ್) ಬಗ್ಗೆ 1991ರ ಆಗಸ್ಟ್‌ನಲ್ಲಿ ಹೇಳಿಕೊಂಡಿದ್ದು ಇಲ್ಲಿನ ಮಿನಿಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಗ್ರೂಪಿನಲ್ಲೇ. 2024ರಲ್ಲಿ ಗೂಗಲ್ ಗ್ರೂಪ್ಸ್ ಯೂಸ್‌ನೆಟ್ಟನ್ನು ಕೈಬಿಟ್ಟಿತು, ಆದರೆ ಯೂಸ್‌ನೆಟ್ ಮುಚ್ಚಿಲ್ಲ.

ನಾನು ಬಳಸುವುದು ಎಸ್‌ಎಲ್‌ಆರ್‌ಎನ್ (slrn) ಅನ್ನುವ ನ್ಯೂಸ್‌ರೀಡರ್, ಅಂದರೆ ಟರ್ಮಿನಲ್‌ನಲ್ಲಿ ಯೂಸ್‌ನೆಟ್ ಓದಿಸುವ ಪ್ರೋಗ್ರಾಂ. ಲಿನಕ್ಸಿನ ಡೆಬಿಯನ್, ಉಬುಂಟುವಿನಲ್ಲಿ ನೇರವಾಗಿ ಸಿಗುತ್ತದೆ. ಮೊದಲು ಎಟರ್ನಲ್ ಸೆಪ್ಟೆಂಬರ್ ಸರ್ವರ್‌ನಲ್ಲಿ ಖಾತೆ ಮಾಡಿಕೊಳ್ಳಿ, ದುಡ್ಡು ಬೇಡ. ಸರ್ವರ್ ಹೆಸರನ್ನು ಎನ್‌ಎನ್‌ಟಿಪಿಸರ್ವರ್ (NNTPSERVER) ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಕೊಡಿ. ಪಾಸ್‌ವರ್ಡ್ ಹೋಗುವುದು ಕಾನ್ಫಿಗ್ ಫೈಲಿಗೆ (.slrnrc), ಹಾಗಾಗಿ ಆ ಫೈಲನ್ನು ಬೇರೆಯವರು ಓದದ ಹಾಗೆ ಪರ್ಮಿಷನ್ ಬಿಗಿ ಮಾಡಿ. ಮೊದಲ ಸಲ ಮಾತ್ರ ಕ್ರಿಯೇಟ್ (--create) ಆಯ್ಕೆ ಕೊಟ್ಟು ಶುರು ಮಾಡಬೇಕು. ಆಗ ಗ್ರೂಪುಗಳ ಇಡೀ ಪಟ್ಟಿ ಇಳಿಯುತ್ತದೆ, ಸ್ವಲ್ಪ ಕಾಯಿರಿ. ಆಮೇಲೆ ದೊಡ್ಡ ಎಲ್ ಒತ್ತಿ ಬೇಕಾದ ಹೆಸರು ಹುಡುಕಿ, ಎಸ್ ಒತ್ತಿದರೆ ಸೇರಿದಂತೆ. ಓದುತ್ತಾ ಹೋಗಲು ಸ್ಪೇಸ್ ಬಾರ್ ಸಾಕು. ಮೂರ್ನಾಲ್ಕು ಗ್ರೂಪಿಗಿಂತ ಜಾಸ್ತಿ ಸೇರಬೇಡಿ, ಓದದೇ ಉಳಿದದ್ದು ರಾಶಿ ಬಿದ್ದರೆ ಆಸೆಯೇ ಹೋಗುತ್ತದೆ.

ನನಗೆ ತುಂಬಾ ಇಷ್ಟವಾಗಿದ್ದು ಏನೇನು ಓದಿದಿರಿ ಅಂತ ಲೆಕ್ಕ ಇಡುವ ನ್ಯೂಸ್‌ಆರ್‌ಸಿ (newsrc) ಫೈಲು. ಸುಮ್ನೆ ತೆರೆದು ನೋಡಿ. ಒಂದೊಂದು ಸಾಲಿನಲ್ಲಿ ಒಂದೊಂದು ಗ್ರೂಪಿನ ಹೆಸರು, ನೀವು ಸೇರಿದ್ದರೆ ಪಕ್ಕದಲ್ಲಿ ಕೋಲನ್, ಬಿಟ್ಟಿದ್ದರೆ ಆಶ್ಚರ್ಯಸೂಚಕ ಚಿಹ್ನೆ, ಅದರ ಮುಂದೆ 1-3000 ಅಂತ ನೀವು ಓದಿ ಮುಗಿಸಿದ ಬರಹಗಳ ಸಂಖ್ಯೆಗಳು. ನಿಮ್ಮ ಓದಿನ ಲೆಕ್ಕವೆಲ್ಲ ಅಷ್ಟೇ, ಅದೂ ನಿಮ್ಮ ಕಂಪ್ಯೂಟರಿನಲ್ಲೇ! ಬೇರೆ ಕಂಪ್ಯೂಟರಿಗೆ ಹೋಗುವಾಗ ಆ ಫೈಲ್ ಕಾಪಿ ಮಾಡಿಕೊಂಡರೆ ಸಾಕು. ಆದರೆ ಸರ್ವರ್ ಬದಲಿಸಿದರೆ ಹಳೆಯ ಫೈಲ್ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಒಂದೇ ಬರಹಕ್ಕೆ ಒಂದೊಂದು ಸರ್ವರ್ ಒಂದೊಂದು ಸಂಖ್ಯೆ ಕೊಡುತ್ತದೆ.

ಬರೆಯಲು ಅವಸರ ಬೇಡ. ಒಂದಷ್ಟು ದಿನ ಓದಿ, ಗ್ರೂಪಿನವರ ರೀತಿ ಗೊತ್ತಾಗಲಿ. ಮೊದಲ ಪೋಸ್ಟನ್ನು ಟೆಸ್ಟ್ ಗ್ರೂಪಿಗೇ ಹಾಕಿ. ಇನ್ನು ಕನ್ನಡದಲ್ಲಿ ಬರೆಯುವವರು ಅಕ್ಷರಗಳ ಎನ್‌ಕೋಡಿಂಗ್ ಯುಟಿಎಫ್-8 ಇದೆಯಾ ನೋಡಿಕೊಳ್ಳಿ. ಅದಿದ್ದರೂ ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದೇ ಕಾಣುತ್ತದೆ, ಅದು ತೋರಿಸುವುದರ ತೊಂದರೆ ಅಷ್ಟೇ, ಕಳಿಸಿದ ಬರಹ ಸರಿಯಾಗೇ ಹೋಗಿರುತ್ತದೆ.