ಮೂರನೇ ಎಂಜಿನ್

ಗೋವಾದ ಬೊಗ್ಮಾಲೊ ಬೀಚಿನ ಹತ್ತಿರವೇ ಇಡೀ ಒಂದು ಭಾನುವಾರ ಕಳೆದೆ, ನೀರಿಗೆ ಮಾತ್ರ ಕಾಲಿಡಲಿಲ್ಲ. ನಾನು ಹೋಗಿದ್ದು ಆ ರಸ್ತೆಯಲ್ಲಿರುವ ನೌಕಾ ವಿಮಾನ ಸಂಗ್ರಹಾಲಯಕ್ಕೆ. ಆರು ವರ್ಷದಿಂದ ನನಗಿರುವ ಹುಚ್ಚು ಇದೊಂದೇ. ಸೇವೆ ಮುಗಿಸಿದ ಮಿಲಿಟರಿ ವಿಮಾನಗಳು ಎಲ್ಲೆಲ್ಲಿ ನಿಂತಿವೆಯೋ ಅಲ್ಲಿಗೆ ಹೋಗುವುದು, ಸುತ್ತಲೂ ಫೋಟೊ ತೆಗೆಯುವುದು, ಬಾಲದ ಮೇಲಿನ ಸಂಖ್ಯೆ, ಬಣ್ಣ, ತುಕ್ಕು, ಕಳಚಿಹೋದ ಭಾಗಗಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ಯುದ್ಧವಿಮಾನದ ಮುಂದೆ ನಿಂತಾಗ ಶುರುವಾದದ್ದು, ಇನ್ನೂ ನಿಂತಿಲ್ಲ.

ಈ ಸಲ ಹೊರಟಿದ್ದು ಒಂದು ಸ್ಕ್ವಾಡ್ರನ್ನಿನ, ಅಂದರೆ ವಿಮಾನಗಳ ತುಕಡಿಯ, ಹಿಂದೆ. ನೌಕಾಪಡೆಯ 312ನೇ ಸ್ಕ್ವಾಡ್ರನ್, ಆಲ್ಬಟ್ರಾಸ್ ಅಂತ ಹೆಸರು. 1976ರಲ್ಲಿ ಗೋವಾದಲ್ಲಿ ಸೂಪರ್ ಕಾನ್‌ಸ್ಟಲೇಷನ್ ವಿಮಾನಗಳೊಂದಿಗೆ ಕಟ್ಟಿದ್ದು. 1988ರಲ್ಲಿ ಅದಕ್ಕೆ ರಷ್ಯದ ಟುಪೊಲೆವ್ 142 ಬಂದವು, ಒಟ್ಟು ಎಂಟು. ಆಮೇಲೆ ಅವು ತಮಿಳುನಾಡಿನ ಅರಕ್ಕೋಣಂಗೆ ಹೋದವು, 2017ರ ಮಾರ್ಚ್ 29ರಂದು ನಿವೃತ್ತಿಯಾದವು. ಅವುಗಳಲ್ಲೊಂದು ಈಗ ಕಾರವಾರದ ಕಡಲತೀರದಲ್ಲಿದೆ. ಅದಕ್ಕಿಂತ ಹಿಂದಿನ ತಲೆಮಾರಿನ ಸೂಪರ್ ಕಾನ್‌ಸ್ಟಲೇಷನ್ ಗೋವಾದಲ್ಲಿದೆ. ಒಂದೇ ಸ್ಕ್ವಾಡ್ರನ್ನಿನ ಅಜ್ಜಿ, ಮೊಮ್ಮಗಳು ಒಂದೇ ಕರಾವಳಿಯಲ್ಲಿ, ಅರ್ಧ ದಿನದ ಬಸ್ ದಾರಿಯಷ್ಟು ದೂರದಲ್ಲಿ ನಿಂತಿದ್ದಾರೆ ಅಂತ ಹೊಳೆದ ದಿನವೇ ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದೆ.

ಶನಿವಾರ ಬೆಳಿಗ್ಗೆ ಕಾರವಾರ. ಟ್ಯಾಗೋರ್ ಕಡಲತೀರದಲ್ಲಿ ಟುಪೊಲೆವ್ ಕಂಡಾಗ ಮೊದಲು ಮಾಡಿದ ಕೆಲಸ ಹಿಂದೆ ಹಿಂದೆ ನಡೆದದ್ದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 50 ಮೀಟರ್. ಎಷ್ಟು ಹಿಂದೆ ಹೋದರೂ ಚೌಕಟ್ಟಿಗೆ ಬರುವುದಿಲ್ಲ. ವೈಡ್ ಆ್ಯಂಗಲ್ ಲೆನ್ಸ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ನನಗದು ಇಷ್ಟವಿಲ್ಲ. ಮೂತಿ ಉಬ್ಬಿ, ಬಾಲ ಕುಗ್ಗಿ, ವಿಮಾನ ಕಪ್ಪೆಯ ಹಾಗೆ ಕಾಣುತ್ತದೆ. ದಾಖಲೆಗೆ ಬೇಕಾದ ಫೋಟೊದಲ್ಲಿ ಅಳತೆ ಕೆಡಬಾರದು. 50 ಎಂಎಂ ಲೆನ್ಸಿನಲ್ಲೇ ತುಂಡುತುಂಡಾಗಿ ತೆಗೆದೆ, ಆಮೇಲೆ ಜೋಡಿಸಿಕೊಳ್ಳಬಹುದು. ನಾಲ್ಕು ಎಂಜಿನ್, ಒಂದೊಂದಕ್ಕೆ ಒಂದರ ಹಿಂದೊಂದು ಎರಡು ಪ್ರೊಪೆಲ್ಲರ್, ಎರಡೂ ವಿರುದ್ಧ ದಿಕ್ಕಿಗೆ ತಿರುಗುವಂಥವು, ಪ್ರತಿಯೊಂದಕ್ಕೂ ನಾಲ್ಕು ಬ್ಲೇಡ್. ಎಣಿಸಿದೆ: 32. ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ ಟರ್ಬೊಪ್ರಾಪ್ ಎಂಜಿನ್‌ಗಳಲ್ಲಿ ಇವಕ್ಕಿಂತ ಶಕ್ತಿಯವು ಸೇವೆಗೆ ಬಂದಿಲ್ಲ, ಒಂದೊಂದೂ ಸುಮಾರು 15,000 ಅಶ್ವಶಕ್ತಿ. ಬಾಲದ ತುದಿಯಲ್ಲಿ ಹಿಮ್ಮುಖವಾಗಿ ಕೂತು ಕಾಯುವ ಗನ್ನರ್‌ನ ಗೂಡು. ಜಲಾಂತರ್ಗಾಮಿ ಹುಡುಕುತ್ತ ಗಂಟೆಗಟ್ಟಲೆ ಸಮುದ್ರದ ಮೇಲೆ ಹಾರುವ ವಿಮಾನದಲ್ಲಿ ಬೆನ್ನು ಹಾಕಿ ಕೂತವನಿಗೆ ಏನು ಕಾಣುತ್ತಿತ್ತೋ ಅಂತ ಅಲ್ಲೇ ತುಂಬ ಹೊತ್ತು ನಿಂತೆ.

ಮಧ್ಯಾಹ್ನ ಬಂಗಡೆ ಫ್ರೈ, ಸೋಲ್ ಕಡಿ. ಊಟ ಮುಗಿಸಿ ಅಕ್ಕನಿಗೆ ಕೆಲವು ಫೋಟೊ ಕಳಿಸೋಣ ಅಂತ ಕ್ಯಾಮೆರಾವನ್ನು ಚಿಕ್ಕ ಜೆಪೆಗ್‌ಗೆ, ಅಂದರೆ ಕಡಿಮೆ ವಿವರದ ಸಣ್ಣ ಫೋಟೊಗೆ, ಬದಲಾಯಿಸಿ ನಾಲ್ಕೈದು ತೆಗೆದೆ. ಈ ಸಾಲನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಸಂಜೆ ಬಸ್ಸು, ಕಾಳಿ ಸೇತುವೆ, ಮಡಗಾಂವ್, ವಾಸ್ಕೊದಲ್ಲಿ ಲಾಡ್ಜ್.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಸಂಗ್ರಹಾಲಯದ ಮುಂದಿದ್ದೆ. 1998ರಲ್ಲಿ ಶುರುವಾದ ಜಾಗ, ವಿಮಾನಗಳೆಲ್ಲ ಬಯಲಲ್ಲೇ. ನೌಕಾಪಡೆ 1953ರಲ್ಲಿ ಮೊದಲು ಪಡೆದ ಸೀಲ್ಯಾಂಡ್ ಇಲ್ಲಿದೆ, ನೀರಿನಿಂದಲೂ ನೆಲದಿಂದಲೂ ಏಳಬಲ್ಲ ಪುಟ್ಟ ವಿಮಾನ. 1971ರ ಡಿಸೆಂಬರಿನಲ್ಲಿ ವಿಕ್ರಾಂತ್ ಹಡಗಿನಿಂದ ಎದ್ದು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದ ಸೀ ಹಾಕ್ ಮತ್ತು ಆಲಿಜೆ ಜಾತಿಯ ವಿಮಾನಗಳಿವೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಡಾ. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ತರಬೇತಿ ವಿಮಾನ ಎಚ್‌ಟಿ-2 ಇದೆ. ಅದನ್ನು ಕಂಡಾಗ ಪರಊರಿನ ಜಾತ್ರೆಯಲ್ಲಿ ನಮ್ಮೂರಿನವರು ಸಿಕ್ಕಷ್ಟು ಖುಷಿಯಾಯಿತು. ಎಲ್ಲವನ್ನೂ ತೆಗೆದೆ. ಆದರೆ ಕಣ್ಣೆಲ್ಲ ಆ ಮೂರು ಬಾಲದ ಕಡೆಗೇ.

ಸೂಪರ್ ಕಾನ್‌ಸ್ಟಲೇಷನ್ ಐಎನ್ 315. 1950ರ ದಶಕದಲ್ಲಿ ಏರ್ ಇಂಡಿಯಾದಲ್ಲಿ 'ರಾಣಿ ಆಫ್ ಎಲ್ಲೋರಾ' ಎಂಬ ಹೆಸರಿನಲ್ಲಿ ಪ್ರಯಾಣಿಕರನ್ನು ಹೊತ್ತದ್ದು, ಆಮೇಲೆ ವಾಯುಪಡೆಗೆ, 1976ರಲ್ಲಿ ನೌಕಾಪಡೆಗೆ. ಎತ್ತರದ ಒಂದೇ ಒಂದು ಬಾಲವಿದ್ದರೆ ಆಗಿನ ಹ್ಯಾಂಗರುಗಳ ಬಾಗಿಲಲ್ಲಿ ಹಿಡಿಸುವುದಿಲ್ಲ ಅಂತ ಮೂರು ಗಿಡ್ಡ ಬಾಲ ಕೊಟ್ಟರು. ಮೈ ಕೂಡ ನೇರ ಕೊಳವೆಯಲ್ಲ, ಮೀನಿನ ಬೆನ್ನಿನ ಹಾಗೆ ಸಣ್ಣಗೆ ಬಾಗಿದೆ. ಇವತ್ತಿನ ವಿಮಾನಗಳಲ್ಲಿ ನಾನು ಇಷ್ಟು ಚೆಂದದ ಗೆರೆ ನೋಡಿಲ್ಲ. ಪ್ರೊಪೆಲ್ಲರಿಗೆ ಮೂರೇ ಬ್ಲೇಡ್, ಒಟ್ಟು 12.

ನನ್ನ ಕ್ರಮದ ಪ್ರಕಾರ ಮೊದಲು ಸುತ್ತಲೂ ಎಂಟು ಕಡೆಯಿಂದ, ಆಮೇಲೆ ಬಾಲ, ಚಕ್ರ, ಆಮೇಲೆ ಒಂದೊಂದೇ ಎಂಜಿನ್. ವಿಮಾನದ ಎದುರು ನಿಂತು ಎಡದಿಂದ ಬಲಕ್ಕೆ ಎ1, ಎ2, ಎ3, ಎ4 ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಿಸಿಲು ನೆತ್ತಿಗೇರುತ್ತಿತ್ತು.

"ಎಂತ ತಂಗಿ, ಎರಡು ತಾಸಾಯ್ತು, ಇದೊಂದರ ಸುತ್ತಲೇ ತಿರುಗ್ತಾ ಇದ್ದೀಯಲ್ಲ?"

ಅಚ್ಚ ಉತ್ತರ ಕನ್ನಡದ ಮಾತು. ತಿರುಗಿ ನೋಡಿದರೆ ಎಪ್ಪತ್ತರ ಆಸುಪಾಸಿನವರು, ಬಿಳಿ ಅಂಗಿ, ಕೈಯಲ್ಲಿ ಮೊಮ್ಮಗನ ನೀರಿನ ಬಾಟಲಿ. ಮೊಮ್ಮಗ ಆಗಲೇ ಹೆಲಿಕಾಪ್ಟರ್ ಕಡೆಗೆ ಓಡಿದ್ದ. ನನ್ನ ಬ್ಯಾಗಿನ ಮೇಲಿನ ಕನ್ನಡ ಅಕ್ಷರ ನೋಡಿ ಮಾತಾಡಿಸಿದ್ದಂತೆ. ಅಂಕೋಲಾ ಕಡೆಯವರು.

ಇದರ ದಾಖಲೆ ಮಾಡುತ್ತಿದ್ದೇನೆ ಸರ್, ಅಂದೆ. 312ನೇ ಸ್ಕ್ವಾಡ್ರನ್ ಅಂತ ಹೇಳುವಷ್ಟರಲ್ಲಿ ಅವರೇ ಹೇಳಿದರು: "ನಾನು ಅದರಲ್ಲೇ ಇದ್ದವ. ಎಂಜಿನ್ ಮೆಕ್ಯಾನಿಕ್. ಮೊದಲು ಇದು, ಆಮೇಲೆ ಟುಪೊಲೆವ್."

ಮುಂದಿನ ಒಂದೂವರೆ ತಾಸು ನಾನು ಹೆಚ್ಚು ಕೇಳಲೂ ಇಲ್ಲ, ಅವರು ನಿಲ್ಲಿಸಲೂ ಇಲ್ಲ.

"ಇದರ ಒಂದು ಎಂಜಿನ್ನಿಗೆ 18 ಸಿಲಿಂಡರ್. ಒಂಬತ್ತೊಂಬತ್ತರ ಎರಡು ಸಾಲು, ಚಕ್ರದ ಹಾಗೆ ಸುತ್ತಲೂ. ರಾತ್ರಿ ನಿಲ್ಸಿಟ್ರೆ ಎಣ್ಣೆ ಎಲ್ಲ ಇಳಿದು ಕೆಳಗಿನ ಸಿಲಿಂಡರಲ್ಲಿ ಕೂತಿರ್ತದೆ. ಬೆಳಿಗ್ಗೆ ಬಂದವ ಹಾಗೇ ಸ್ಟಾರ್ಟ್ ಮಾಡಿದ ಅಂದ್ರೆ ಪಿಸ್ಟನ್ ಎಣ್ಣೆಗೆ ಹೊಡೀತದೆ. ಎಣ್ಣೆ ಒತ್ತಿದ್ರೆ ಕುಗ್ತದಾ? ಕುಗ್ಗೋದಿಲ್ಲ. ರಾಡ್ ಬಗ್ತದೆ. ಅದ್ಕೇ ಮೊದ್ಲು ಪ್ರೊಪೆಲ್ಲರ್ ನಿಧಾನ ತಿರುಗಿಸ್ಬೇಕು. ಒಬ್ಬ ಕೆಳಗೆ ನಿಂತು ಬ್ಲೇಡ್ ಎಣಿಸ್ಬೇಕು. ಒಂದು… ಎರಡು… ಮೂರು…" ಎಣಿಸುವಾಗ ಅವರ ದನಿ ಬದಲಾಯಿತು, ಯಾರಿಗೋ ಕೇಳಲಿ ಅಂತ ದೊಡ್ಡದಾಗಿ ಹೇಳುವ ದನಿ. "ನಡುವೆ ಎಲ್ಲಾದ್ರೂ ಗಟ್ಟಿಯಾಯ್ತು ಅಂದ್ರೆ ಅಲ್ಲೇ ನಿಲ್ಸು. ಸ್ಪಾರ್ಕ್ ಪ್ಲಗ್ ಬಿಚ್ಚು, ಎಣ್ಣೆ ಬಸಿ. ಒಂದು ಸಿಲಿಂಡರಿಗೆ ಎರಡು ಪ್ಲಗ್. ಲೆಕ್ಕ ಹಾಕು."

ಹಾಕಿದೆ. ಎಂಜಿನ್ನಿಗೆ 36, ವಿಮಾನಕ್ಕೆ 144.

"ಅಷ್ಟೂ ಬಿಚ್ಚಿ ತೊಳೆದು ಹಾಕಿದ ದಿನ ಉಂಟು," ಅಂದರು.

ಆಮೇಲೆ ನನ್ನ ಫೋಟೊಗಳ ಪಟ್ಟಿಯನ್ನೇ ಬದಲಾಯಿಸಿಬಿಟ್ಟರು. ಅಷ್ಟು ವರ್ಷದ ಅಭ್ಯಾಸದಲ್ಲಿ ನಾನು ಎಂಜಿನ್ನಿನ ಮುಖವನ್ನು ಮಾತ್ರ ತೆಗೆಯುತ್ತಿದ್ದೆ. ಅವರು ನನ್ನನ್ನು ರೆಕ್ಕೆಯ ಕೆಳಗೆ ಕರೆದೊಯ್ದರು. ಹೊಗೆ ಹೊರಬರುವ ಬಾಯಿ ತೋರಿಸಿ, "ಇದನ್ನ ತೆಗಿ. ಹೊಗೆ ಸುಮ್ಮನೆ ಬಿಡೋದಿಲ್ಲ ಇದು. ಹೋಗ್ತಾ ಹೋಗ್ತಾ ಮೂರು ಟರ್ಬೈನ್ ತಿರುಗ್ಸಿ ಹೋಗ್ತದೆ, ಆ ಶಕ್ತಿ ಮತ್ತೆ ಎಂಜಿನ್ನಿಗೇ ಬರ್ತದೆ" ಅಂದರು. ಎಣ್ಣೆ ಬಸಿಯುವ ಜಾಗ, ಮುಚ್ಚಳದ ಚಿಲಕಗಳು, ಚಕ್ರ ಒಳಹೋಗುವ ಗುಂಡಿ. "ಇಲ್ಲಿ ನಮ್ಮ ತಲೆ ಬಡೀತಿತ್ತು, ಇದನ್ನೂ ತೆಗಿ." ತೆಗೆದೆ. ಫಲಕದಲ್ಲಿ ಉದ್ದ, ಅಗಲ, ವೇಗ ಬರೆದಿರುತ್ತಾರೆ. ಬೆಳಿಗ್ಗೆ ಆರು ಗಂಟೆಗೆ ಯಾರು ಎಲ್ಲಿ ನಿಂತು ಎಷ್ಟು ಎಣಿಸುತ್ತಿದ್ದರು ಅನ್ನುವುದಕ್ಕೆ ಯಾವ ಫಲಕದಲ್ಲೂ ಜಾಗವಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿದೆ. ಮಾಡ್ಕೊ ಅಂದರು.

"ನಂದು ಮೂರನೇದು," ಅಂದರು. ಪ್ರತಿಯೊಬ್ಬರಿಗೂ ಒಂದೊಂದು ಎಂಜಿನ್ ಹಚ್ಚಿಕೊಡುತ್ತಿದ್ದರಂತೆ. "ಎಂಜಿನ್ ಬದಲಾಗ್ತಾ ಇರ್ತದೆ ತಂಗಿ. ಈಗ ಇಲ್ಲಿರೋದು ನನ್ನ ಕಾಲದ್ದೋ ಅಲ್ಲವೋ, ಹೇಳೂಕಾಗೋದಿಲ್ಲ. ಜಾಗ ಮಾತ್ರ ನಂದು."

ಕಾರವಾರದ ಟುಪೊಲೆವ್ ನೋಡಿದಿರಾ ಅಂದೆ. ಇಲ್ಲವಂತೆ. ಮನೆಯಿಂದ ಒಂದು ತಾಸಿನ ದಾರಿ.

"ರೆಕ್ಕೆ ಬಿಚ್ಚಿ ಲಾರಿಲಿ ತಂದ್ರಲ್ಲ. ಪೇಪರಲ್ಲಿ ಫೋಟೊ ಬಂದಿತ್ತು. ನೋಡೂಕೆ ಮನಸ್ಸೇ ಬರ್ಲಿಲ್ಲ."

ಈಗ ಜೋಡಿಸಿ ನಿಲ್ಲಿಸಿದ್ದಾರೆ ಸರ್, ಅಂತ ಕ್ಯಾಮೆರಾದ ಪರದೆಯಲ್ಲಿ ಹಿಂದಿನ ದಿನದ ಫೋಟೊ ತೋರಿಸಿದೆ. ಬಿಸಿಲಿಗೆ ಕಾಣದೆ ಇಬ್ಬರೂ ರೆಕ್ಕೆಯ ನೆರಳಿಗೆ ಸರಿದೆವು. ಅವರು ಕನ್ನಡಕ ಎತ್ತಿ ಹತ್ತಿರ ಹಿಡಿದು ನೋಡಿದರು. ಒಂದೊಂದೇ ಪ್ರೊಪೆಲ್ಲರ್ ದೊಡ್ಡದು ಮಾಡಿಸಿದರು. ತುಟಿ ಅಲುಗುತ್ತಿತ್ತು.

"ಎಲ್ಲ ಉಂಟು," ಅಂದರು ಕೊನೆಗೆ. "ಇದು ಇಲ್ಲಿ ದಾಬೋಳಿ ವಾಯುನೆಲೆಯಲ್ಲಿ ಸ್ಟಾರ್ಟ್ ಆಯ್ತು ಅಂದ್ರೆ ಎದೆ ಒಳಗೆ ನಡುಗ್ತಿತ್ತು. ಕಿವಿಗೆ ಎಂತ ಹಾಕಿದ್ರೂ ಅಷ್ಟೇ." ಎಡಗಿವಿ ಮುಟ್ಟಿಕೊಂಡರು. ಆ ಕಿವಿ ಸ್ವಲ್ಪ ಮಂದ ಅನ್ನುವುದು ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಅವರ ಮಗಳು ಊಟಕ್ಕೆ ಕರೆದಳು. ಹೋಗುವ ಮುಂಚೆ ಒಂದೇ ಒಂದು ಕೇಳಿದರು. ಮೂರನೇ ಎಂಜಿನ್ನಿನ ಫೋಟೊ ತೊಳೆಸಿ ಕಳಿಸ್ತೀಯಾ? ನೀವೂ ನಿಲ್ಲಿ ಸರ್, ಅಂದೆ. ಬೇಡ, ಎಂಜಿನ್ ಒಂದೇ ಸಾಕು ಅಂದರು. ವಿಳಾಸ ನೋಟ್‌ಬುಕ್ಕಿನಲ್ಲಿ ಅವರೇ ಬರೆದರು. ಪಾಟಿಯ ಮೇಲೆ ಬರೆದಂಥ ದುಂಡನೆಯ ಅಕ್ಷರ.

ಲಾಡ್ಜಿಗೆ ಬಂದು ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದಾಗ ಎದೆ ಧಸಕ್ಕೆಂದಿತು. ಶನಿವಾರ ಮಧ್ಯಾಹ್ನ ಮಾಡಿದ ಚಿಕ್ಕ ಜೆಪೆಗ್ ಹಾಗೇ ಉಳಿದಿತ್ತು. ಭಾನುವಾರದ 640 ಫೋಟೊಗಳೂ ಅಂಗೈಯಗಲದವು. ಎಂಜಿನ್ ಮುಚ್ಚಳದ ಮೇಲಿನ ಸಣ್ಣ ಅಕ್ಷರಗಳು, ಚಿಲಕದ ಪಕ್ಕದ ಸೂಚನೆಗಳು, ಪ್ಲೇಟಿನ ಮೇಲಿನ ಸಂಖ್ಯೆಗಳು ಎಲ್ಲ ಇರುವೆ ಸಾಲಿನ ಹಾಗೆ. ದೊಡ್ಡದು ಮಾಡಿದರೆ ಚೌಕಚೌಕ. ನಾಳೆ ಮತ್ತೆ ಹೋಗೋಣ ಅಂದರೆ ನಾಳೆ ಸೋಮವಾರ, ಸಂಗ್ರಹಾಲಯಕ್ಕೆ ರಜೆ. ಮಂಗಳವಾರ ನನಗೆ ಆಫೀಸು.

ಹಾಗಾಗಿ ಇಲ್ಲಿಗೆ ಹೋಗುವವರಿಗೆ ಒಂದು ಮಾತು. ಭಾನುವಾರ ಹೋಗಬೇಡಿ. ಮಂಗಳವಾರವೋ ಬುಧವಾರವೋ ಹೋಗಿ, ಕೆಟ್ಟರೆ ಮಾರನೆಯ ದಿನ ಕೈಯಲ್ಲಿರಲಿ. ಮೊದಲ ಹತ್ತು ಫೋಟೊ ತೆಗೆದ ತಕ್ಷಣ ಒಂದನ್ನು ಪೂರ್ತಿ ದೊಡ್ಡದು ಮಾಡಿ ಅತಿ ಸಣ್ಣ ಅಕ್ಷರ ಓದಲು ಬರುತ್ತದಾ ನೋಡಿ. ವಾಯುನೆಲೆಯ ಕಡೆಗೆ ಲೆನ್ಸ್ ತಿರುಗಿಸಬೇಡಿ. ಹನ್ನೊಂದರ ನಂತರ ಬಿಳಿ ಬಣ್ಣವೆಲ್ಲ ಉರಿದುಹೋಗುತ್ತದೆ, ಆ ಹೊತ್ತನ್ನು ರೆಕ್ಕೆಯ ಕೆಳಗಿನ ನೆರಳಿನ ಕೆಲಸಕ್ಕೆ ಇಟ್ಟುಕೊಳ್ಳಿ.

ಬೆಂಗಳೂರಿಗೆ ಬಂದ ಮೇಲೆ ಎ3 ಅಂತ ಗುರುತಿದ್ದ ಬೆಳಗಿನ ಫೋಟೊಗಳಲ್ಲಿ ಬೆಳಕು ಚೆನ್ನಾಗಿದ್ದ ಒಂದನ್ನು ಆರಿಸಿದೆ. ಆ ಗಾತ್ರಕ್ಕೆ ದೊಡ್ಡ ಪ್ರಿಂಟ್ ಆಗುವುದಿಲ್ಲ, ಪೋಸ್ಟ್‌ಕಾರ್ಡಿನಷ್ಟು ಮಾಡಿಸಿದೆ. ಹಿಂದೆ ವಿಮಾನದ ಸಂಖ್ಯೆ, ತಾರೀಕು, 'ಮೂರನೇ ಎಂಜಿನ್' ಅಂತ ಬರೆದು ಅಂಕೋಲಾಕ್ಕೆ ಅಂಚೆಗೆ ಹಾಕಿದೆ.

ವಾರದ ಮೇಲೆ ಫೋನ್ ಬಂತು. "ತಂಗಿ, ಫೋಟೊ ಬಂತು. ಚೆಂದ ಉಂಟು. ಆದ್ರೆ ಇದು ನಂದಲ್ಲ, ಎರಡನೇದು."

ನನಗೆ ಅರ್ಥವಾಗಲಿಲ್ಲ.

"ಎಂಜಿನ್ ಎಣಿಸೋದು ಪೈಲಟ್ ಕೂತ ಕಡೆಯಿಂದ, ಅವನ ಎಡದಿಂದ ಬಲಕ್ಕೆ. ನೀನು ಎದುರು ನಿಂತು ಎಣಿಸಿದ್ದೀಯ. ಫೋಟೊ ಕೈಯಲ್ಲಿ ಉಂಟಾ? ಎಡಗಡೆ ಅಂಚಲ್ಲಿ ವಿಮಾನದ ಮೈ ಕಾಣ್ತದೆ. ಮೂರನೇದಾದ್ರೆ ಅದು ಬಲಗಡೆ ಬರ್ಬೇಕು."

ನೋಡಿದೆ. ಎಡಗಡೆಯೇ ಇತ್ತು.

ಎ2 ಅಂತ ಗುರುತಿದ್ದ ಫೋಟೊವನ್ನು ಅವತ್ತೇ ಪ್ರಿಂಟ್ ಹಾಕಿಸಿ ಕಳಿಸಿದೆ. ಆ ರಾತ್ರಿಯಿಂದ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು ಕೂತಿದ್ದೇನೆ. ಒಂದಕ್ಕಿಂತ ಹೆಚ್ಚು ಎಂಜಿನ್ ಇರುವ ಪ್ರತಿ ವಿಮಾನದಲ್ಲೂ ಎಡಬಲ ತಿರುಗಾಮುರುಗಾ ಆಗಿದೆ. ಕ್ಯಾನ್‌ಬೆರಾದ ಪುಟಗಳು ಮುಗಿದವು. ಡಕೋಟಾ ಬಾಕಿ.