ಬೈಸನ್ ನೋಟು ನೋಡೋಕೆ ಹೋಗಿದ್ದೆ

ಓಹಾಯೋದಲ್ಲಿ ನಮ್ಮನೆ ಹತ್ರದ ಹೋಟೆಲ್ ಹಾಲ್‌ನಲ್ಲಿ ಕಾಯಿನ್ ಶೋ ಇತ್ತು. ನಾಣ್ಯದ ಹುಚ್ಚು ನನಗಿಲ್ಲ, ಹೋಗಿದ್ದು ಹಳೇ ಅಮೆರಿಕನ್ ನೋಟುಗಳಿಗೆ, ಅದ್ರಲ್ಲೂ 1901ರ 10 ಡಾಲರಿನ ಬೈಸನ್ ನೋಟು, ಮಧ್ಯದಲ್ಲಿ ಕಾಡೆಮ್ಮೆ, ಆ ಕಡೆ ಈ ಕಡೆ ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕ್ಕೊಂಡು ಹೋದ ಲೂಯಿಸ್ ಮತ್ತೆ ಕ್ಲಾರ್ಕ್, ಅದನ್ನ ಕಣ್ಣಾರೆ ನೋಡ್ಬೇಕಿತ್ತು. ನೋಡ್ದೆ, ರೇಟ್ ಕೇಳ್ದೆ, ಮೆಲ್ಲಗೆ ವಾಪಸ್ ಇಟ್ಟೆ. ಪಕ್ಕದಲ್ಲಿ 1896ರ ಒಂದು ಡಾಲರ್ ನೋಟು, ಚರಿತ್ರೆ ಅನ್ನೋ ಹೆಂಗಸು ಹುಡುಗನಿಗೆ ವಾಷಿಂಗ್ಟನ್ ನಗರ ತೋರಿಸೋ ಚಿತ್ರ. ಬಹಳ ಜನ ಇದನ್ನ ಹೊಗಳ್ತಾರೆ, ನನಗೆ ಮಾತ್ರ ಜಾಗ ಬಿಡದೆ ತುಂಬ್ಸಿಬಿಟ್ಟಿದಾರೆ ಅನ್ಸುತ್ತೆ.

ಮೂಲೆ ಟೇಬಲ್‌ನಲ್ಲಿ ಒಬ್ಬ ಅಜ್ಜ ನ್ಯಾಷನಲ್ ಬ್ಯಾಂಕ್ ನೋಟುಗಳನ್ನ ಊರಿನ ಪ್ರಕಾರ ಜೋಡಿಸಿಟ್ಟಿದ್ರು. 1863ರಿಂದ 1935ರ ತನಕ ಇಲ್ಲಿನ ಸಣ್ಣ ಊರಿನ ಬ್ಯಾಂಕ್‌ಗಳೂ ತಮ್ಮ ಹೆಸರಿನ ನೋಟು ಕೊಡ್ತಿದ್ವು, ಸರ್ಕಾರಿ ಬಾಂಡ್ ಠೇವಣಿ ಇಟ್ರೆ ಪ್ರಿಂಟಾಗಿರೋ ಹಾಳೆ ವಾಷಿಂಗ್ಟನ್‌ನಿಂದ ಬರೋದು, ಆ ಬ್ಯಾಂಕಿನ ಪ್ರೆಸಿಡೆಂಟೂ ಕ್ಯಾಷಿಯರೂ ಸೈನ್ ಹಾಕಿದ ಮೇಲೇನೇ ಚಲಾವಣೆ. ನಾನು ಕೈಗೆತ್ಕೊಂಡಿದ್ದು 1902ರ ಸೀರೀಸ್‌ನ 10 ಡಾಲರ್, ಓಹಾಯೋದ್ದೇ ಬ್ಯಾಂಕು, ಅದರ ಮೇಲೆ ಚಿತ್ರದಲ್ಲಿರೋ ಮೆಕಿನ್ಲಿನೂ ಓಹಾಯೋದವ್ರೇ, 1901ರಲ್ಲಿ ಗುಂಡೇಟಿಗೆ ಸತ್ತ ಅಮೆರಿಕದ ಅಧ್ಯಕ್ಷರು.

ಅಜ್ಜ ಟಾರ್ಚ್ ಕೊಟ್ಟು "ಓರೆಯಾಗಿ ಬಿಡು, ನೇರ ಬೇಡ" ಅಂದ್ರು. ಹಾಗೆ ಬಿಟ್ರೆ ಇಂಕಿನ ಗೆರೆ ಉಬ್ಬಿರೋದು ಗೊತ್ತಾಗುತ್ತೆ, ಹೊಸದಾಗಿ ಕಾಣ್ಲಿ ಅಂತ ತೊಳೆದು ಒತ್ತಿರೋ ನೋಟಲ್ಲಿ ಆ ಉಬ್ಬು ಚಪ್ಪಟೆ. ಆಮೇಲೆ ಹಿಂದಿಂದ ಬೆಳಕು ಹಿಡಿದ್ರೆ ಸೂಜಿಮೊನೆಯಷ್ಟು ಮೂರ್ನಾಲ್ಕು ತೂತು. ಆಗಿನವ್ರು ನೋಟುಗಳನ್ನ ಪಿನ್ ಚುಚ್ಚಿ ಒಟ್ಟಿಗೆ ಇಡ್ತಿದ್ರಂತೆ. ಈ ತೂತಿಗೇ ಗ್ರೇಡ್, ಅಂದ್ರೆ ನೋಟು ಎಷ್ಟು ಚೆನ್ನಾಗಿದೆ ಅನ್ನೋ ದರ್ಜೆ, ಇಳಿಯುತ್ತೆ, ರೇಟೂ ಇಳಿಯುತ್ತೆ, ನನ್ನಂಥೋರಿಗೆ ಅನುಕೂಲ. ಕ್ಯಾಷಿಯರ್ ಸೈನು ಪೆನ್ನಿಂದು, ಇಂಕು ಕಂದಾಗಿ ಮಾಸಿದೆ, ಬ್ಯಾಂಕ್ ಪ್ರೆಸಿಡೆಂಟ್ ಸಾಹೇಬ್ರದ್ದು ರಬ್ಬರ್ ಸ್ಟ್ಯಾಂಪು, ಅವ್ರಿಗೆಲ್ಲಿ ಪುರಸೊತ್ತು!

ಚೌಕಾಸಿ ಮಾಡಿ ತಗೊಂಡೆ. ತೊಂದ್ರೆ ಒಂದೇ, 1929ಕ್ಕೆ ಮುಂಚಿನ ನೋಟು 7 ಇಂಚಿಗಿಂತ ಉದ್ದ, 3 ಇಂಚಿಗಿಂತ ಅಗಲ, ನನ್ನ ಆಲ್ಬಂ ಕವರ್‌ಗೆ ಹೋಗಲ್ಲ. ಮನೇಲಿ ಹೆಂಡ್ತಿ ಕೇಳಿದ್ಲು, "ಇದು ಅಂಗಡೀಲಿ ನಡೆಯುತ್ತೇನ್ರೀ?" ಕಾನೂನು ಪ್ರಕಾರ ಈಗ್ಲೂ 10 ಡಾಲರ್ ಕಣೇ ಅಂದೆ. "ಮತ್ತೆ ನೀವು ಎಷ್ಟು ಕೊಟ್ರಿ?" ಅಂದ್ಲು. ದೊಡ್ಡ ಸೈಜಿನ ಕವರ್ ಆರ್ಡರ್ ಮಾಡ್ಬೇಕು ಅಂತ ಲ್ಯಾಪ್‌ಟಾಪ್ ತೆಗೆದೆ.