ಹಪ್ಪಳ ಒಣಗಿದ್ದಾ ಎಂದು ಕೇಳದ ಫೋನು

"ದುಡ್ಡು ಬಂತು ಅಂತ ಫೋನು ಹೇಳ್ತು ತಂಗೀ, ಹಪ್ಪಳ ಒಣಗಿದ್ದಾ ಅಂತ ಕೇಳಲೇ ಇಲ್ಲ." ಕಳೆದ ಭಾನುವಾರ ಶಿರಸಿಯ ಮನೆಯ ಜಗಲಿಯಲ್ಲಿ ಕುಳಿತು ಚಿಕ್ಕಮ್ಮ ಹೇಳಿದ ಈ ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ.

ಬೆಂಗಳೂರಿನಲ್ಲಿರುವ ಅವರ ಮಗ, ಅಮ್ಮ ಹಲಸಿನಕಾಯಿ ಹಪ್ಪಳ ಒತ್ತುವುದನ್ನು ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕಿದ್ದ. ಮೂರೇ ದಿನಗಳಲ್ಲಿ 212 ಕಟ್ಟುಗಳಿಗೆ ಬೇಡಿಕೆ ಬಂದು, ಹಣವೂ ಯುಪಿಐ ಮೂಲಕ ಖಾತೆಗೆ ಜಮೆಯಾಗಿತ್ತು. ಡಬ್ಬಿಯಲ್ಲಿದ್ದದ್ದು 60 ಕಟ್ಟು. ಚಿಕ್ಕಮ್ಮ ಮತ್ತು ಪಕ್ಕದ ಮನೆಯವರು ಬೆಳಗಿನಿಂದ ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ ಒತ್ತಿದರೆ ದಿನಕ್ಕೆ 400 ಹಪ್ಪಳ, ಅಂದರೆ 25ರ ಲೆಕ್ಕದಲ್ಲಿ 16 ಕಟ್ಟು. ಉಳಿದ 152 ಕಟ್ಟುಗಳಿಗೆ ಹತ್ತು ದಿನಗಳ ದುಡಿಮೆ ಬೇಕು, ಜೊತೆಗೆ ಬಿಸಿಲೂ ಬೇಕು. ಅಷ್ಟರಲ್ಲಿ ಮಳೆ ಹಿಡಿದುಕೊಂಡಿತ್ತು. ಮಳೆ ಬಿದ್ದ ಮೇಲೆ ಹಲಸಿನ ತೊಳೆಯಲ್ಲಿ ನೀರಿನಂಶ ಹೆಚ್ಚಿ ಹಪ್ಪಳ ಮೊದಲಿನಂತೆ ಬರುವುದಿಲ್ಲ ಎಂಬುದು ಆ ಭಾಗದ ಹೆಂಗಸರಿಗೆಲ್ಲ ಗೊತ್ತು.

ಬೇರೆಯವರಿಂದ ಕೊಂಡು ಕಳಿಸಿಬಿಡು ಎಂದು ಮಗ ಹೇಳಿದ್ದನಂತೆ. ಅವನು ಅಮ್ಮನ ಕೆಲಸಕ್ಕೆ ಹೆಸರು ಬರಲೆಂದು ರಾತ್ರಿ ನಿದ್ದೆಗೆಟ್ಟು ದುಡಿದವನು, ಅವನನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಚಾಪೆಯ ಮೇಲೆ ಹರವಿದ ಹಪ್ಪಳವನ್ನು ಮೋಡ ಕಂಡೊಡನೆ ಓಡಿಬಂದು ಒಳಗೆ ಹೊತ್ತವರಿಗಷ್ಟೇ ತಿಳಿಯುವ ಲೆಕ್ಕವೊಂದಿದೆ, ಅದನ್ನು ಅವನು ಕೇಳಬೇಕಿತ್ತು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು, ಹಿಟ್ಟು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಒಬ್ಬೊಬ್ಬರ ಹೆಸರನ್ನೂ ಪುಸ್ತಕದಲ್ಲಿ ಗುರುತು ಹಾಕಿ ಹಣ ಹಿಂತಿರುಗಿಸುತ್ತಿದ್ದರು. "ದುಡ್ಡು ಬಂತು ಅಂತ ಹೇಳ್ತು, ಒಣಗಿದ್ದಾ ಅಂತ ಕೇಳಲೇ ಇಲ್ಲ" ಎಂದು ಮತ್ತೊಮ್ಮೆ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ಆ ನಾಚಿಕೆ ಅವರಿಗೆ ಸಲ್ಲದ್ದು ಎಂದು ನನಗೆ ಬಹಳ ನೋವಾಯಿತು.

ಮನೆಯ ಉದ್ಯಮ ಬೆಳೆಯದಿರುವುದಕ್ಕೆ ಮಾರುಕಟ್ಟೆ ಸಿಗದಿರುವುದೇ ಕಾರಣವೆಂದು ನಾನೂ ನಂಬಿದ್ದೆ. ಈಗ ಫೋನು ಮಾರುಕಟ್ಟೆಯನ್ನು ಜಗಲಿಗೇ ತಂದಿದೆ, ತರದೇ ಇರುವುದು ಒಣಗಿಸುವ ಯಂತ್ರವನ್ನು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಇಂಥ ಯಂತ್ರಗಳಿಗೆ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನವನ್ನು ಇರಿಸಲಾಗಿತ್ತು. ಆದರೆ ಅದು ಬ್ಯಾಂಕ್ ಸಾಲದೊಂದಿಗೆ ಹೊಂದಿಕೊಂಡ ನೆರವು, ಸಾಲಕ್ಕೆ ಯೋಜನಾ ವರದಿ ಬೇಕು. ವರದಿ ಎಂದೊಡನೆ ಚಿಕ್ಕಮ್ಮ ಹಿಂಜರಿದರು. ದಿನಕ್ಕೆ ಎಷ್ಟು ಕಾಯಿ, ಎಷ್ಟು ಕೈ, ಎಷ್ಟು ಬಿಸಿಲು, ಎಷ್ಟು ಕಟ್ಟು ಎಂಬುದು ಅವರ ಪುಸ್ತಕದಲ್ಲಿ ಆರು ವರ್ಷಗಳಿಂದ ತಪ್ಪದೆ ಬರೆದಿಟ್ಟಿದೆ. ಸಾಲ ಕೊಡುವವರು ಕೇಳುವುದೂ ಬಹುಪಾಲು ಅದನ್ನೇ ಎಂದು ನಾನು ಪುಟ ತಿರುವಿ ತೋರಿಸಿದಾಗ ಅವರು ಸುಮ್ಮನೆ ನನ್ನ ಮುಖ ನೋಡಿದರು.

ಸಂಜೆ ಅವರೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಹಾಕಿದರು: "ಈ ವರ್ಷದ ಹಪ್ಪಳ ಮುಗಿದಿದೆ. ಮುಂದಿನ ಏಪ್ರಿಲ್‌ಗೆ 300 ಕಟ್ಟು ಮಾತ್ರ. ಹೆಸರು ಬರೆಸಿ, ಹಣ ಈಗ ಬೇಡ." ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಪುಸ್ತಕದ ಹೊಸ ಪುಟದಲ್ಲಿ 43 ಹೆಸರುಗಳಿದ್ದವು.